ಮೂರನೆಯ ಕೂಗಿಗೆ

ಕಡೂರಿನಲ್ಲಿ ಮನುಷ್ಯ ಏನನ್ನು ಬೇಕಾದರೂ ಮುಚ್ಚಿಡಬಹುದು, ತಂತಿಯ ಮೇಲೆ ಒಣಹಾಕಿದ ಚಡ್ಡಿಯನ್ನು ಮಾತ್ರ ಮುಚ್ಚಿಡಲಾಗದು. ನಮ್ಮ ಬೀದಿಯ ರುದ್ರಮೂರ್ತಿಯ ಮನೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಇದೆ. ಹಾಗಾಗಿ ಅವನ ಮಗಳು ಹಿಂದಿನ ದಿನ ಎಷ್ಟು ಸಲ ಒದ್ದೆ ಮಾಡಿಕೊಂಡಳೆಂಬುದು ಬೆಳಗಿನ ರೈಲು ಹಿಡಿಯುವವರಿಗೆಲ್ಲ ತಿಳಿಯುತ್ತಿತ್ತು. ಕೆಲವರು ತಲೆಯೆತ್ತಿ ನೋಡಿ, "ಪರ್ವಾಗಿಲ್ಲ, ಇವತ್ತು ಕಮ್ಮಿ" ಎಂದು ಮೆಚ್ಚಿ ಮುಂದೆ ಹೋಗುತ್ತಿದ್ದರು. ಕಿಟಕಿಯ ಹಿಂದೆ ನಿಂತ ರುದ್ರಮೂರ್ತಿಗೆ ಅದು ಕೇಳುತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಗಿ ಅವನು ಅಡಿಗೆಮನೆಗೆ ಹೋಗಿಬಿಡುತ್ತಿದ್ದ.

ಮಗಳ ಹೆಸರು ಸ್ಪಂದನಾ. ಮೂರು ವರ್ಷ ತುಂಬುತ್ತ ಬಂದಿತ್ತು. ಹೆಸರಿಟ್ಟವರು ಯಾವ ಆಸೆಯಿಂದ ಇಟ್ಟರೋ, ಆ ಒಂದು ವಿಷಯದಲ್ಲಿ ಅವಳು ಯಾವುದಕ್ಕೂ ಸ್ಪಂದಿಸುತ್ತಿರಲಿಲ್ಲ. ಮಕ್ಕಳು ಕೂತು ಕಕ್ಕ ಮಾಡುವ, ಬಾತುಕೋಳಿಯ ಆಕಾರದ ಹಳದಿ ಪಾಟಿಯೊಂದನ್ನು ತಂದುಕೊಟ್ಟಿದ್ದರು. ಅವಳು ಅದರ ಮೇಲೆ ಕೂತು ಬಸ್ಸು ಓಡಿಸುತ್ತಿದ್ದಳು. "ರೈಟ್ ರೈಟ್" ಎನ್ನುತ್ತಿದ್ದಳು. "ಬೀರೂರು ಬಂತು, ಇಳೀರಿ" ಎನ್ನುತ್ತಿದ್ದಳು. ಆಮೇಲೆ ತಾನೂ ಇಳಿದು, ಸೋಫಾದ ಹಿಂದೆ ಹೋಗಿ ಮುಖ ಕೆಂಪಗೆ ಮಾಡಿಕೊಂಡು ನಿಂತರೆ ಮುಗಿಯಿತು. ಮನೆಯ ಮುಂದಿನ ಕೋಣೆಯಲ್ಲೇ ರುದ್ರಮೂರ್ತಿಯ ಮೋಟಾರ್ ರಿವೈಂಡಿಂಗ್ ಅಂಗಡಿ. ಒಂದು ಸಲ ಅಲ್ಲಿಗೆ ಬಂದ ಗಿರಾಕಿಯ ಹೆಲ್ಮೆಟ್ಟಿನೊಳಗೇ ಮುಗಿದಿತ್ತು. ಆ ಗಿರಾಕಿ ಈಗ ಮೋಟಾರು ಸುಟ್ಟರೆ ಬೀರೂರಿಗೆ ಹೊತ್ತುಕೊಂಡು ಹೋಗುತ್ತಾನೆ.

ರುದ್ರಮೂರ್ತಿಯ ಹೆಂಡತಿ ದೀಪಶ್ರೀ ಅಜ್ಜಂಪುರದ ಆಚೆಯ ಒಂದು ಪಂಚಾಯ್ತಿಯಲ್ಲಿ ಪಿಡಿಓ. ಬೆಳಗಿನ ರೈಲಿಗೆ ಹೋದರೆ ಸಂಜೆಗೆ ಬರುವವಳು. ಹಳ್ಳಿಯವರೆಲ್ಲ ಚೊಂಬು ಹಿಡಿದು ಬಯಲಿಗೆ ಹೋಗುವುದನ್ನು ಬಿಟ್ಟು ಕಕ್ಕಸು ಬಳಸುವಂತೆ ಮಾಡುವುದು ಆಗ ಅವಳ ದೊಡ್ಡ ಕೆಲಸವಾಗಿತ್ತು. ಅಂದರೆ ಒಂದು ಊರನ್ನೇ ಕೂರಿಸುವ ಹೊಣೆ ಹೆಂಡತಿಯದು, ಒಂದು ಮಗುವನ್ನು ಕೂರಿಸುವ ಹೊಣೆ ಗಂಡನದು. ಊರು ಹೆಚ್ಚುಕಮ್ಮಿ ಕೂತಿತ್ತು. ಮಗು ಕೂತಿರಲಿಲ್ಲ.

ಆ ಊರಿನಲ್ಲಿ ಕೂರದೆ ಉಳಿದುಕೊಂಡಿದ್ದವನು ಕರಿಯಣ್ಣ. ಎಪ್ಪತ್ತು ದಾಟಿದ ಯಜಮಾನ, ದಪ್ಪ ಮೀಸೆ. ಸರ್ಕಾರ ಕಟ್ಟಿಸಿಕೊಟ್ಟ ಕಕ್ಕಸಿನಲ್ಲಿ ಸೌದೆ ಒಟ್ಟಿಕೊಂಡು ತಾನು ಮಾತ್ರ ಕೆರೆ ಏರಿಯ ಆಚೆಗೇ ಹೋಗುತ್ತಿದ್ದ. ಯಜಮಾನ ಹೋದಮೇಲೆ ಅವನ ಕೇರಿಯ ಗಂಡಸರೂ ಹೋಗುತ್ತಿದ್ದರು. ದೀಪಶ್ರೀ ಮತ್ತೆ ಮತ್ತೆ ಹೋಗಿ ಹೇಳಿದಾಗ ಅವನು ಒಂದು ದಿನ ಪಂಚಾಯ್ತಿ ಕಟ್ಟೆಯ ಮೇಲೆ, ಎಲ್ಲರ ಎದುರಿಗೇ ಕೇಳಿಬಿಟ್ಟ.

"ಅಲ್ಲ ಮೇಡಮ್ಮೋರೆ, ನಿಮ್ ಮಗೀನೇ ಇನ್ನೂ ಸೋಫಾ ಹಿಂದಕ್ಕೆ ಹೋಗ್ತದಂತಲ್ಲಾ. ಅದು ಕಲೀಲಿ. ಅದು ಕಲ್ತ್ ದಿವ್ಸ ನಾನೂ ಸೌದೆ ಆಚೆಗ್ ಹಾಕಿ ಒಳಕ್ಕೋಗ್ತೀನಿ. ಮಾತಂದ್ರೆ ಮಾತು."

ಕಡೂರಿನ ಚಡ್ಡಿಯ ಸುದ್ದಿ ಅಜ್ಜಂಪುರಕ್ಕೆ ದೀಪಶ್ರೀಯ ರೈಲಿನಲ್ಲೇ ಹೋಗಿತ್ತು. ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅವತ್ತು ಮನೆಗೆ ಬಂದ ದೀಪಶ್ರೀ ಚೀಲವನ್ನು ಮೂಲೆಗೆಸೆದು ಕೂತಳು.

"ನಾನಿನ್ನು ಆ ಊರಲ್ಲಿ ತಲೆ ಎತ್ತಂಗಿಲ್ಲ ಕಣ್ರೀ. ಬಾಯ್ ಬಿಟ್ರೆ ಸೋಫಾ ಸೋಫಾ ಅಂತಾರೆ."

ರುದ್ರಮೂರ್ತಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ನಾಚಿಕೆಯಾದಾಗ ಕೆಲವರು ರೇಗುತ್ತಾರೆ, ಕೆಲವರು ಕುಡಿಯುತ್ತಾರೆ. ರುದ್ರಮೂರ್ತಿ ಬದನೆಕಾಯಿ ಹೆಚ್ಚುತ್ತಿದ್ದ. ಸಾಸಿವೆ ಸಿಡಿಯಬೇಕಾದಾಗ ಸಿಡಿಯುತ್ತಿತ್ತು, ಬೇಳೆ ಬೇಯಬೇಕಾದಾಗ ಬೇಯುತ್ತಿತ್ತು. ಹೇಳಿದ ಮಾತು ಕೇಳುವಂಥದ್ದು ಆ ಮನೆಯಲ್ಲಿ ಬೇರೇನೂ ಇರಲಿಲ್ಲ. ಒಂದು ಚಡ್ಡಿಯಾದರೆ ಪಲ್ಯ, ಇನ್ನೊಂದಾದರೆ ಅದರ ಜೊತೆಗೆ ಬಸ್ಸಾರು, ಸೋಫಾ ಆದರೆ ಎಣ್ಣೆಗಾಯಿ. ಹೆಲ್ಮೆಟ್ಟಿನ ದಿನ ಹೋಳಿಗೆ ಮಾಡಿದ್ದ.

ಈ ಅಡಿಗೆಯ ವಿಷಯ ಹೆಂಡತಿಗೆ ಬಿಟ್ಟರೆ ಗೋಡೆಯಾಚೆಯ ಖುರ್ಷಿದ್ ಬೇಗಂಗೆ ಮಾತ್ರ ಗೊತ್ತಿತ್ತು. ಆಕೆ ವಾಸನೆ ಹಿಡಿದೇ ಲೆಕ್ಕ ಹಾಕುತ್ತಿದ್ದರು.

"ಅರೇ ರುದ್ರಣ್ಣಾ, ಎಣ್ಣೆಗಾಯಿ ವಾಸ್ನೆ ಬತ್ತೈತೆ. ಸೋಫಾನಾ?"

"ಹೂಂ ಆಪಾ."

"ಪಾಪ. ಒಂಚೂರು ಈ ಕಡೆ ಕಳ್ಸಿ."

ಬೇರೆಯವರಿಗೆ ಗೊತ್ತಾಗದಂತೆ ರುದ್ರಮೂರ್ತಿ ಬಹಳ ಎಚ್ಚರ ವಹಿಸಿದ್ದ. ಮೋಟಾರ್ ಬಿಚ್ಚುವ ಕೈಯಲ್ಲಿ ಸೌಟು ಕಂಡರೆ ಗಂಡಸಿನ ಮರ್ಯಾದೆಗೆ ಕುಂದು ಎಂದು ಅವನ ನಂಬಿಕೆ. ಅದರಲ್ಲೂ ತರೀಕೆರೆಯ ಅತ್ತೆ ತೀರ್ಥಮ್ಮನವರಿಗೆ ತಿಳಿಯಲೇಬಾರದು. ಮಗಳು ನಸುಕಿಗೇ ಎದ್ದು ಅಡಿಗೆಯನ್ನೆಲ್ಲ ಮಾಡಿಟ್ಟು ಆಮೇಲೆ ಆಫೀಸಿಗೆ ಹೋಗುತ್ತಾಳೆ ಎಂದು ಅವರು ತರೀಕೆರೆಯ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ಮಗಳೂ ಅಲ್ಲವೆಂದಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ರುದ್ರಮೂರ್ತಿ ಬೇಳೆಗೆ ಕುಕ್ಕರಿಟ್ಟಿದ್ದ. ಅಡಿಗೆಮನೆಯ ಬಾಗಿಲಲ್ಲಿ ಸ್ಪಂದನಾ ಬಾತುಕೋಳಿಯ ಮೇಲೆ ಕೂತು ಬಸ್ಸು ಓಡಿಸುತ್ತಿದ್ದಳು. ಕುಕ್ಕರು 'ಸೂ' ಎಂದು ಕೂಗಿತು. ಮಗು ಬಸ್ಸು ನಿಲ್ಲಿಸಿತು. ಎರಡನೆಯ ಸಲ ಕೂಗಿದಾಗ ಮುಖ ಗಂಭೀರವಾಯಿತು. ಮೂರನೆಯ ಕೂಗಿಗೆ, "ಅಪ್ಪಾ, ಆಯ್ತು" ಎಂದಿತು. ನೋಡಿದರೆ ನಿಜವಾಗಿಯೂ ಆಗಿತ್ತು. ಎಲ್ಲ ಅಮ್ಮಂದಿರೂ ಮಗುವನ್ನು ಕಾಲ ಮೇಲೆ ಕೂರಿಸಿಕೊಂಡು 'ಸೂ, ಸೂ' ಎನ್ನುತ್ತಾರಲ್ಲ, ಆ ಕೆಲಸವನ್ನು ಕುಕ್ಕರು ಇನ್ನೂ ಗಟ್ಟಿಯಾಗಿ ಮಾಡಿತ್ತು. ಮರುದಿನ ಮತ್ತೆ ಇಟ್ಟ, ಮತ್ತೆ ಆಯಿತು. ಅದರ ಮಾರನೆಯ ದಿನವೂ ಆಯಿತು. ರುದ್ರಮೂರ್ತಿ ಮಗುವನ್ನೆತ್ತಿ ಮುದ್ದಾಡಿ, ಆಮೇಲೆ ಯಾರೂ ಇಲ್ಲದ್ದನ್ನು ನೋಡಿ ಕುಕ್ಕರಿಗೂ ಕೈಮುಗಿದ.

ಸಂಜೆ ಹೆಂಡತಿ ಬಂದ ಕೂಡಲೇ ಹೇಳಿದ. "ದೀಪಾ, ಕಲ್ತ್ಬಿಟ್ಳು ಕಣೇ! ಮೂರು ಕೂಗು ಆಗ್ಬೇಕು ಅಷ್ಟೇ. ಮೂರನೇ ಕೂಗಿಗೆ ಕರೆಕ್ಟಾಗಿ ಮಾಡ್ಬಿಡ್ತಾಳೆ."

ಇಲ್ಲಿ ಒಂದು ಮಾತು. ನಮ್ಮ ಕಡೆ ಕುಕ್ಕರೂ ಕೂಗುತ್ತದೆ, ಅಪ್ಪನೂ ಕೂಗುತ್ತಾನೆ. ಎರಡಕ್ಕೂ ಬೇರೆ ಬೇರೆ ಪದ ಇದ್ದಿದ್ದರೆ ಮುಂದಿನ ಅನಾಹುತ ಆಗುತ್ತಿರಲಿಲ್ಲ. ದೀಪಶ್ರೀಯ ಕಣ್ಣು ಅರಳಿತು.

"ನಿಜ್ವಾಗ್ಲೂನಾ? ಬರೀ ಕೂಗಿ ಕೂಗಿ ಕಲ್ಸಿದ್ರಾ? ಎಷ್ಟು ತಾಳ್ಮೆ ರೀ ನಿಮ್ಗೆ! ನಾನಾಗಿದ್ರೆ ಮೊದಲನೇ ಕೂಗಿಗೇ ಒಂದು ಬಾರಿಸ್ಬಿಡ್ತಿದ್ದೆ."

ಹೆಂಡತಿಯ ಬಾಯಿಂದ ಅಂಥ ಮಾತು ಮದುವೆಯಾದ ಮೇಲೆ ಅದೇ ಮೊದಲು. ತಿದ್ದಬೇಕೆಂದು ರುದ್ರಮೂರ್ತಿ ಬಾಯಿ ತೆರೆದ. ತೆರೆದ ಬಾಯಿಂದ, "ಏನೋ, ತಾಳ್ಮೆ ಬೇಕು ನೋಡು" ಎಂಬ ಮಾತು ಬಂತು. ಮುಂದಿನ ಭಾನುವಾರ ದೀಪಶ್ರೀ ಮನೆಯಲ್ಲೇ ಇದ್ದಳು. ಕುಕ್ಕರು ಒಳಗಿಂದ ಕೂಗಿದಾಗಲೆಲ್ಲ ಅವನು ಹೊರಗಿಂದ "ಸ್ಪಂದನಾ!" ಎಂದು ಕೂಗಿದ. ಅವಳಿಗೆ ಅನುಮಾನವೇ ಬರಲಿಲ್ಲ.

ಸುದ್ದಿ ತರೀಕೆರೆಗೆ ಹೋಯಿತು. ತೀರ್ಥಮ್ಮನವರು ಕಣ್ಣಾರೆ ನೋಡುವುದಕ್ಕೆ ಕಡೂರಿಗೆ ಬಂದರು. ಬಂದವರೇ ಸೆರಗು ಸಿಕ್ಕಿಸಿ ಅಡಿಗೆಮನೆಯನ್ನು ವಶಪಡಿಸಿಕೊಂಡರು. ಅವರ ಪ್ರಕಾರ ಕುಕ್ಕರಿನ ಅನ್ನ ವಾಯು, ಕುಕ್ಕರಿನ ಬೇಳೆ ರುಚಿಯಿಲ್ಲ. ಎಲ್ಲವನ್ನೂ ಪಾತ್ರೆಯಲ್ಲೇ ಬೇಯಿಸಿದರು. ಕುಕ್ಕರು ಅಟ್ಟ ಸೇರಿತು. ಮರುದಿನ ಮಗಳು ರೈಲಿಗೆ ಹೋದಮೇಲೆ ತೀರ್ಥಮ್ಮನವರು ಮೊಮ್ಮಗಳನ್ನು ಬಾತುಕೋಳಿಯ ಮೇಲೆ ಕೂರಿಸಿ ತಾವೇ ಕೂಗಿದರು.

"ಸ್ಪಂದನಾ! ಏ ಸ್ಪಂದನಾ! ನಮ್ಮವ್ವ ಅಲ್ವಾ, ಸ್ಪಂದನಾ!"

ಮೊಮ್ಮಗಳು ಅಜ್ಜಿಯ ಮುಖವನ್ನು ಒಂದು ಕ್ಷಣ ನೋಡಿ, ಬಸ್ಸಿಂದ ಇಳಿದು, ಸೋಫಾದ ಹಿಂದಕ್ಕೆ ಹೋದಳು.

"ನನ್ ಕೂಗಿಗೆ ಆಗಲ್ಲ ಅನ್ಸುತ್ತೆ ಅಳಿಯಂದ್ರೆ. ನಿಮ್ ಕೂಗೇ ಬೇಕೇನೋ. ನಾಳೆ ನೀವೇ ಕೂಗಿ, ನಾನ್ ನೋಡ್ತೀನಿ."

ರುದ್ರಮೂರ್ತಿ ಹಿತ್ತಿಲಿಗೆ ಓಡಿ ಗೋಡೆಯ ಮೇಲಿಂದ ತಲೆ ಚಾಚಿದ. "ಆಪಾ, ನಾಳೆ ಬೆಳಿಗ್ಗೆ ನಿಮ್ಮನೆ ಕುಕ್ಕರ್ ನಮ್ ಗೋಡೆ ಪಕ್ಕಕ್ಕೆ ಇಡಿ ಆಪಾ. ಬರೀ ನೀರಾದ್ರೂ ಪರ್ವಾಗಿಲ್ಲ."

"ಬರೀ ನೀರ್ ಯಾಕೆ ಇಡ್ಲಿ, ಹುಚ್ಚಾ? ಅತ್ತೆಗೆ ಹೇಳ್ಬಿಡಿ ನಿಜಾನ."

"ಬ್ಯಾಡ ಆಪಾ. ಅಡಿಗೆ ಮಾಡೋದೂ ಹೇಳ್ಬೇಕಾಗ್ತದೆ. ನನ್ ಮರ್ಯಾದೆ ಉಳ್ಸಿ."

ಖುರ್ಷಿದ್ ಬೇಗಂ ದೊಡ್ಡ ಮನಸ್ಸಿನವರು. ಮರುದಿನ ಗೋಡೆಯ ಪಕ್ಕಕ್ಕೇ ಒಲೆಯಿಟ್ಟು ಕಡಲೆಬೇಳೆ ಹಾಕಿದರು. ಈ ಕಡೆ ಮಗು ಬಾತುಕೋಳಿಯ ಮೇಲೆ ಕೂತಿತು. ತೀರ್ಥಮ್ಮನವರು ಎದುರಿಗೆ ಚಕ್ಕಂಬಕ್ಕಳ ಹಾಕಿದರು. ಕುಕ್ಕರು ಕೂಗುವವರೆಗೆ ರುದ್ರಮೂರ್ತಿ ಗಂಟಲು ಸರಿಮಾಡಿಕೊಂಡ, ನೀರು ಕುಡಿದ, ದೇವರ ಪಟ ನೋಡಿದ. 'ಸೂ' ಎಂದದ್ದೇ ತಡ, ಅದು ಮುಚ್ಚಿಹೋಗುವಂತೆ "ಸ್ಪಂದನಾ!" ಎಂದು ಕಿರುಚಿದ. ಮೂರನೆಯದಕ್ಕೆ ಮಗು, "ಆಯ್ತು" ಎಂದಿತು. ತೀರ್ಥಮ್ಮನವರು ಮೊಮ್ಮಗಳಿಗೆ ನೆಟಿಕೆ ಮುರಿದರು, ಅಳಿಯನಿಗೂ ಮುರಿದರು.

"ಏನ್ ಗಂಟಲು ಅಳಿಯಂದ್ರೆ ನಿಮ್ದು! ಕೇಳಿದ್ರೆ ನಮಗೇ ಏನೋ ಆಗ್ಬೇಕು!"

ಇಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ಆದರೆ ದೀಪಶ್ರೀ ಕರಿಯಣ್ಣನ ಎದುರಿಗೆ ನಿಂತು, "ನನ್ ಮಗಳು ಕಲ್ತಾಯ್ತು, ಸೌದೆ ಆಚೆಗ್ ಹಾಕಿ" ಎಂದುಬಿಟ್ಟಿದ್ದಳು. ಅವನು ಮೀಸೆ ನೇವರಿಸಿ, "ಕಣ್ಣಾರೆ ನೋಡ್ಬೇಕು" ಎಂದಿದ್ದ. ಈ ಪಂತದ ಸುದ್ದಿ ಮೇಲಿನ ಕಚೇರಿಯ ಮೋಹನ್ ಸಾಹೇಬರ ಕಿವಿಗೆ ಬಿತ್ತು. ಫೋಟೋ ಎಂದರೆ ಜೀವ ಬಿಡುವ ಮನುಷ್ಯ. ಕೂಡಲೇ ಒಂದು ಕಾರ್ಯಕ್ರಮ ಗೊತ್ತುಮಾಡಿ, ಶಾಮಿಯಾನ ಹಾಕಿಸಿ, ರುದ್ರಮೂರ್ತಿಯ ಮುಖವಿರುವ ಬ್ಯಾನರ್ ಬರೆಸಿದರು. ಅದರ ಮೇಲೆ 'ಮೂರು ಕೂಗಿನ ಆದರ್ಶ ತಂದೆಗೆ ಸ್ವಾಗತ' ಎಂದಿತ್ತು.

"ಇಲ್ಲಾದ್ರೆ ಗೋಡೆ ಐತೆ, ನಾನಿದ್ದೀನಿ," ಎಂದರು ಖುರ್ಷಿದ್ ಬೇಗಂ. "ಅಲ್ಲಿ ಯಾರವ್ರೆ ರುದ್ರಣ್ಣಾ?"

ಅಲ್ಲಿ ಯಾರೂ ಇರಲಿಲ್ಲ. ಕಾರ್ಯಕ್ರಮದ ದಿನ ರೈಲಿನಲ್ಲಿ ರುದ್ರಮೂರ್ತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಚೀಲದಿಂದ ಬಾತುಕೋಳಿ ತಲೆ ಹೊರಗೆ ಹಾಕಿತ್ತು. ಎದುರಿನ ಹೆಂಗಸು, "ಮಗೀಗೆ ಆಟದ ಸಾಮಾನಾ?" ಎಂದು ಕೇಳಿದಳು. "ಅಲ್ಲ, ಸನ್ಮಾನಕ್ಕೆ" ಎಂದು ಅವನ ಬಾಯಿಂದ ಬಂದುಹೋಯಿತು. ಅವಳು ಎದ್ದು ಬೇರೆ ಸೀಟಿಗೆ ಹೋದಳು.

ಪಂಚಾಯ್ತಿ ಕಚೇರಿಯ ಮುಂದೆ ಊರಿಗೆ ಊರೇ ಸೇರಿತ್ತು. ತೀರ್ಥಮ್ಮನವರು ತರೀಕೆರೆಯಿಂದ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಕರಿಯಣ್ಣ ಕಾಲಮೇಲೆ ಕಾಲು ಹಾಕಿಕೊಂಡಿದ್ದ. ಮಗುವಿಗೂ ಮಾನ ಇದೆಯೆಂದು ದೀಪಶ್ರೀ ವೇದಿಕೆಯ ಮೂಲೆಯಲ್ಲಿ ಪರದೆ ಕಟ್ಟಿಸಿದ್ದಳು. ಅದರ ಹಿಂದೆ ಬಾತುಕೋಳಿಯನ್ನಿಟ್ಟು ಸ್ಪಂದನಾಳನ್ನು ಕೂರಿಸಿದರು. ಮೋಹನ್ ಸಾಹೇಬರು ಸ್ವಚ್ಛತೆಯ ಬಗ್ಗೆ ಬಹಳ ಹೊತ್ತು ಮಾತಾಡಿ, ಕೊನೆಗೆ ಮೈಕನ್ನು ರುದ್ರಮೂರ್ತಿಯ ಕೈಗೆ ಕೊಟ್ಟರು.

"ಕೂಗಿ ಸಾರ್. ಜನ ಕಾಯ್ತಾ ಇದಾರೆ."

"ಸ್ಪಂದನಾ," ಎಂದ ರುದ್ರಮೂರ್ತಿ. ಸ್ವರ ಮೈಕಿಗೂ ಕೇಳಲಿಲ್ಲ. "ಸ್ಪಂದನಾ!" ಎಂದ. ಬೆವರೊರೆಸಿಕೊಂಡು ಮೂರನೆಯ ಸಲ, "ಸ್ಪಂದನಾಆಆ!" ಎಂದ. ಸಭೆಯೆಲ್ಲ ಪರದೆಯ ಕಡೆಗೆ ಕತ್ತು ಚಾಚಿತು. ಪರದೆಯ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು.

"ಬೀರೂರು ಬಂತು, ಇಳೀರಿ!"

ಜನ ಬಿದ್ದು ಬಿದ್ದು ನಕ್ಕರು. ತೀರ್ಥಮ್ಮನವರು ಎದ್ದು ತಾವೂ ಕೂಗಿದರು. ಮೋಹನ್ ಸಾಹೇಬರು ಕೂಗಿದರು. ಸ್ತ್ರೀಶಕ್ತಿ ಸಂಘದವರು ಸಾಮೂಹಿಕವಾಗಿ ಕೂಗಿದರು. ಕೊನೆಗೆ ಇಡೀ ಊರೇ "ಸ್ಪಂದನಾ! ಸ್ಪಂದನಾ!" ಎಂದು ಕೂಗತೊಡಗಿತು. ಅಷ್ಟು ಜಯಘೋಷ ಯಾವ ಚುನಾವಣೆಯಲ್ಲೂ ಆ ಊರು ಕೇಳಿರಲಿಲ್ಲ. ಒಳಗಿನ ಬಸ್ಸು ಮಾತ್ರ ನಿಲ್ಲದೆ ಅಜ್ಜಂಪುರದ ಕಡೆಗೆ ಹೊರಟಿತು.

ಕರಿಯಣ್ಣ ಎದ್ದು ಪಂಚೆ ಕೊಡವಿದ. "ಸರಿ ಮೇಡಮ್ಮೋರೆ, ನಾನಿನ್ನು ಬತ್ತೀನಿ. ಕೆರೆ ಕಡೀಕ್ ಹೋಗ್ಬೇಕು."

ದೀಪಶ್ರೀ ಕೈಯಲ್ಲಿ ಹಾರ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿದ್ದು ರುದ್ರಮೂರ್ತಿಗೆ ಕಂಡಿತು. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ತಾನೊಬ್ಬ ನಗೆಪಾಟಲಾದರೆ ಆಗಲಿ, ಅವಳು ಆಗಬಾರದು ಎನಿಸಿತು.

"ತಡೀರಿ ಯಜಮಾನ್ರೆ," ಎಂದ ಮೈಕಿನಲ್ಲಿ. "ಕೂಗೋದು ನಾನಲ್ಲ. ಕುಕ್ಕರು."

ಹೊರಟಿದ್ದ ಕರಿಯಣ್ಣ ತಿರುಗಿ ನಿಂತ.

"ಬೇಳೆಗಿಟ್ಟಾಗ ಕೂಗ್ತದಲ್ಲ, ಅದಕ್ಕೆ ಮಾಡ್ತಾಳೆ. ನಾನು ಸುಮ್ನೆ ಜೊತೇಲಿ ಕಿರುಚ್ತಿದ್ದೆ. ಯಾಕಂದ್ರೆ... ನಮ್ಮನೇಲಿ ಅಡಿಗೆ ನಾನೇ ಮಾಡೋದು. ಹೇಳೋಕೆ ನಾಚಿಕೆ ಆಗಿತ್ತು."

"ದಿನಾನೂ?" ಎಂದು ಮುಂದಿನ ಸಾಲಿನಿಂದ ತೀರ್ಥಮ್ಮನವರ ಸ್ವರ ಬಂತು.

"ದಿನಾನೂ ಅತ್ತೆ."

"ಹಂಗಾದ್ರೆ ಯುಗಾದೀಲಿ ನಾನು ಊರಿಗೆಲ್ಲ ಹಂಚಿದ ಹೋಳಿಗೆ?"

"ಅದೂ ನಂದೇ."

ತೀರ್ಥಮ್ಮನವರು ಮಗಳ ಕಡೆ ತಿರುಗಿ ನೋಡಿದರು. ದೀಪಶ್ರೀ ಹಾರದ ಹೂವು ಎಣಿಸುವವಳಂತೆ ತಲೆ ತಗ್ಗಿಸಿದಳು. ಗಂಡ ಹೆಂಡತಿ ಇಬ್ಬರ ಮಾನವೂ ಒಂದೇ ಮೈಕಿನಲ್ಲಿ ಹೋಗಿತ್ತು.

ಜನ ಮತ್ತೆ ನಕ್ಕರು, ಕರಿಯಣ್ಣ ಮಾತ್ರ ನಗಲಿಲ್ಲ. "ಹಂಗಾರೆ ಕುಕ್ಕರ್ ತರ್ಸಿ ಮತ್ತೆ. ಮಾತಂದ್ರೆ ಮಾತು" ಎಂದು ವಾಪಸು ಕೂತ.

ಅಂಗನವಾಡಿಯಿಂದ ದೊಡ್ಡ ಕುಕ್ಕರು ಬಂತು. ವೇದಿಕೆಯ ಮೇಲೇ ಒಲೆ ಹೊತ್ತಿಸಿ ಬೇಳೆ ಹಾಕಿದರು. ಊರಿಗೆ ಊರೇ ಬಾಯಿ ಮುಚ್ಚಿಕೊಂಡು ಒಂದು ಕುಕ್ಕರನ್ನು ನೋಡುತ್ತ ಕೂತಿತು. ಮೊದಲನೆಯ ಕೂಗಿಗೆ ಹೆಂಗಸರ ಮಡಿಲಲ್ಲಿದ್ದ ಹಸುಗೂಸುಗಳೆಲ್ಲ ಒದ್ದೆ ಮಾಡಿದವು. ಎರಡನೆಯದಕ್ಕೆ ಪರದೆಯ ಹಿಂದಿನ ಬಸ್ಸು ನಿಂತಿತು. ಮೂರನೆಯ ಕೂಗು ಮುಗಿಯುತ್ತಿದ್ದಂತೆ ಸಣ್ಣ ಸ್ವರ ಕೇಳಿಸಿತು.

"ಅಪ್ಪಾ, ಆಯ್ತು."

ಚಪ್ಪಾಳೆಯೋ ಚಪ್ಪಾಳೆ. ಮೋಹನ್ ಸಾಹೇಬರು ಶಾಲನ್ನು ಯಾರಿಗೆ ಹೊದಿಸಬೇಕೆಂದು ತಿಳಿಯದೆ ಕುಕ್ಕರಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ರುದ್ರಮೂರ್ತಿಗೆ ಆ ಚಪ್ಪಾಳೆ ನಗೆಗಿಂತ ಹೆಚ್ಚು ನಾಚಿಕೆ ತಂದಿತು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಶಾಮಿಯಾನದ ಹಿಂದಕ್ಕೆ ತಪ್ಪಿಸಿಕೊಂಡ. ಅಲ್ಲಿ ಊಟಕ್ಕೆ ಸಾರು ಕುದಿಯುತ್ತಿತ್ತು. ಅಡಿಗೆಯವರ ಕೈಯಿಂದ ಸೌಟು ಇಸಿದುಕೊಂಡು ತಲೆಯೆತ್ತದೆ ತಿರುವತೊಡಗಿದ. ಉಪ್ಪು ನೋಡಿದ, ಒಂಚೂರು ಹುಣಿಸೆ ಹಾಕಿದ.

ಪಕ್ಕದಲ್ಲಿ ಯಾರೋ ಕೆಮ್ಮಿದರು. ಕರಿಯಣ್ಣ. ಅತ್ತ ಇತ್ತ ನೋಡಿ ಕುಕ್ಕರಗಾಲಲ್ಲಿ ಕೂತ.

"ಅಲ್ಲಪ್ಪಾ, ಆ ಕುಕ್ಕರು... ಎಷ್ಟ್ ದೂರಕ್ ಕೇಳ್ತದೆ?"

"ಯಾಕೆ ಯಜಮಾನ್ರೆ?"

"ಸುಮ್ಕೆ ಕೇಳ್ದೆ." ಅವನು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದ. "ಕಕ್ಕಸು ಕಟ್ಟಿರಾದು ನಡುಮನೆ ಪಕ್ಕದಾಗೆ. ಬಾಗ್ಲು ತಗಡು. ಆಚೆ ಕಡೆ ಸೊಸೆದೀರು ಕಾಳು ಹಸನ್ ಮಾಡ್ತಾ ಕೂತಿರ್ತಾರೆ. ನಾನ್ ಬಂದ್ರೆ ಎದ್ ನಿಂತ್ಕೊಳ್ಳೋ ಮಕ್ಳು ಅವು. ಒಳಗ್ ಕೂತ್ರೆ ಒಂದೊಂದು ಸದ್ದೂ... ಥೂ, ಹೆಂಗ್ ಹೇಳ್ಲಿ. ಒಂದು ದಿವ್ಸ ಹೋಗಿದ್ದೆ ಕಣಪ್ಪಾ. ಕಿಸಕ್ ಅಂತ ನಕ್ಕಿದ್ದು ಕೇಳ್ತು. ಅವತ್ತೇ ಸೌದೆ ತುಂಬ್ಸ್ಬಿಟ್ಟೆ."

ಆ ದಪ್ಪ ಮೀಸೆಯ ಮುಖ ಮಗುವಿನ ಮುಖದ ಹಾಗೆ ಕೆಂಪಾಗಿತ್ತು. ಊರೆಲ್ಲ ಹಟಮಾರಿ ಎಂದುಕೊಂಡಿದ್ದ ಮನುಷ್ಯ ನಾಚಿಕೆಯಿಂದ ಬಿಸಿಲು ಮಳೆಯೆನ್ನದೆ ಕೆರೆ ಏರಿ ಹತ್ತುತ್ತಿದ್ದ. ರುದ್ರಮೂರ್ತಿ ಸೌಟು ಕೆಳಗಿಟ್ಟು ತಾನೂ ಪಕ್ಕದಲ್ಲಿ ಕೂತ.

"ಬೇಳೆ ಬೇಗ ಬೇಯ್ತದೆ ಯಜಮಾನ್ರೆ. ಕಡ್ಲೆಕಾಳು ಇಟ್ರೆ ಜಾಸ್ತಿ ಹೊತ್ತು ಕೂಗ್ತದೆ."

"ಹುರುಳಿ?"

"ಹುರುಳಿ ಇನ್ನೂ ಒಳ್ಳೇದು."

"ಯಾರ್ಗೂ ಹೇಳ್ಬ್ಯಾಡ," ಎಂದು ಕರಿಯಣ್ಣ ಎದ್ದುಹೋದ.

ರುದ್ರಮೂರ್ತಿ ಹೆಂಡತಿಗೂ ಹೇಳಲಿಲ್ಲ. ಗೋಡೆಯ ಮೇಲಿಂದ ಖುರ್ಷಿದ್ ಬೇಗಂಗೆ ಮಾತ್ರ ಹೇಳಿದ, ಹಾಗಾಗಿ ನಮಗೆಲ್ಲ ಗೊತ್ತು.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ದೀಪಶ್ರೀ ರೈಲಿಗೆ ಹೊರಟು ನಿಂತಿದ್ದಾಗ ಫೋನ್ ಬಂತು. ಕರಿಯಣ್ಣನ ಹೆಂಡತಿ ಹುಚ್ಚಮ್ಮ. ಅವರ ಸ್ವರಕ್ಕೆ ಸ್ಪೀಕರ್ ಬೇಕಿರಲಿಲ್ಲ, ಒಲೆಯ ಮುಂದಿದ್ದ ರುದ್ರಮೂರ್ತಿಗೂ ಕೇಳಿಸಿತು.

"ಮೇಡಮ್ಮೋರೆ, ನಮ್ ಮನೆಯೋರು ಸೌದೆ ಆಚೆಗ್ ಹಾಕಿ ಒಳಕ್ಕೋದ್ರು!"

"ನಿಜಾನಾ ಹುಚ್ಚಮ್ಮಾ?" ದೀಪಶ್ರೀ ಕುಣಿಯುವುದೊಂದು ಬಾಕಿ.

"ನಿಜ ಕಣವ್ವಾ. ಆದ್ರೆ ಅದ್ಯಾಕೋ, ಹುರುಳಿ ಕುಕ್ಕರ್‌ಗಿಡು, ನಾನ್ ಹೇಳೋಗಂಟ ಇಳಿಸ್ಬ್ಯಾಡ ಅಂದ್ರು. ಕೂಗಿ ಕೂಗಿ ಹುರುಳಿ ಗಂಜಿ ಆಗೋಯ್ತು. ಈಗ ಸೀದ್ ವಾಸ್ನೆ ಬತ್ತೈತೆ. ಕೇಳಿದ್ರೆ 'ಇನ್ನೊಂದ್ ಕೂಗು, ಇನ್ನೊಂದ್ ಕೂಗು' ಅಂತ ಒಳಗಿಂದ್ಲೇ ಬಡ್ಕೊತಾರೆ. ಇಳಿಸ್ಲಾ, ಬ್ಯಾಡ್ವಾ?"

ದೀಪಶ್ರೀ ಏನೂ ಅರ್ಥವಾಗದೆ ಗಂಡನ ಮುಖ ನೋಡಿದಳು. ರುದ್ರಮೂರ್ತಿ ಕೈಯೊರೆಸಿಕೊಂಡು ಬಂದು ಫೋನ್ ಇಸಿದುಕೊಂಡ.

"ಗಂಜಿ ಆದ್ರೆ ಆಗ್ಲಿ ಹುಚ್ಚಮ್ಮಾ. ಇನ್ನೊಂದ್ ಚೊಂಬು ನೀರು ಹುಯ್ದು ಮತ್ತೆ ಇಡಿ."